ಆಶಾ ಭೇಟಿಗೆ ಒಂದು ಪ್ರಶ್ನೆ ಸೇರಿಸಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ ನಮಸ್ಕಾರಗಳು.

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಇಡೀ ರಾಜ್ಯ ಕಂಗಾಲಾಯಿತು. ರಾಜ್ಯದಾದ್ಯಂತ ತಾಯಂದಿರ ಸಾವಿನ ಆಡಿಟ್ ಮಾಡಿಸಿದಿರಿ. ರಕ್ತಸ್ರಾವ, ಸೋಂಕು, ಬಿಪಿ, ಡ್ರಿಪ್ ಬಾಟಲಿಯ ಗುಣಮಟ್ಟ ಎಲ್ಲವೂ ಚರ್ಚೆಗೆ ಬಂದವು, ಬರಲೇಬೇಕಿತ್ತು. ಆದರೆ ಹೊಲಿಗೆ ಮಾಯ್ದು ಮನೆ ಸೇರಿದ ಮೇಲೆ ಮನಸ್ಸು ಕೆಟ್ಟು ಪ್ರಾಣ ಕಳೆದುಕೊಳ್ಳುವ ಬಾಣಂತಿಯ ಬಗ್ಗೆ ಯಾರೂ ಮಾತಾಡಲಿಲ್ಲ. ಗರ್ಭಿಣಿಯ ಅಥವಾ ಹೆರಿಗೆಯಾಗಿ 42 ದಿನದೊಳಗಿನ ತಾಯಿಯ ಆತ್ಮಹತ್ಯೆಯನ್ನು ನೇರ ತಾಯಿ ಮರಣವೆಂದೇ ಲೆಕ್ಕ ಹಿಡಿಯಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲೇ ಹೇಳಿದೆ. ನಮ್ಮಲ್ಲಿ ಎಷ್ಟೋ ಸಲ ಅಂಥ ಸಾವು ಠಾಣೆಯ ಕಡತ ಸೇರಿ, "ಹೊಟ್ಟೆನೋವು ತಾಳಲಾರದೆ" ಎಂಬ ಸಾಲಿನಲ್ಲಿ ಮುಗಿದುಹೋಗುತ್ತದೆ.

ನಾನು ಸರ್ಕಾರಿ ಹೆರಿಗೆ ವಾರ್ಡುಗಳಲ್ಲಿ ದುಡಿದು ನಿವೃತ್ತಳಾದ ನರ್ಸ್. ಒಬ್ಬ ಬಾಣಂತಿಯ ವಿಷಯ ಹೇಳುತ್ತೇನೆ. ಚೊಚ್ಚಲ ಹೆರಿಗೆ, ಬಿಪಿ ಏರಿ ತುರ್ತು ಸಿಸೇರಿಯನ್, ತೂಕ ಕಮ್ಮಿಯಿದ್ದ ಕೂಸು ನವಜಾತ ಶಿಶುಗಳ ವಿಶೇಷ ಆರೈಕೆ ಘಟಕದಲ್ಲಿ (ಎಸ್‌ಎನ್‌ಸಿಯು). ನಾಲ್ಕನೇ ರಾತ್ರಿ ಎರಡು ಗಂಟೆಗೆ ರೌಂಡ್ಸ್ ಹೋದರೆ ಆಕೆ ಮಂಚದ ಮೇಲೆ ಕೂತು ಕೂಸಿನ ಬಟ್ಟೆ ಮಡಚುತ್ತಿದ್ದಳು, ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದಳು. "ನನಗ ನಿದ್ದಿನ ಬ್ಯಾಡಾಗೇತ್ರಿ ಸಿಸ್ಟರ್, ಮೈಯೆಲ್ಲ ಹಗರ ಆಗೇತಿ" ಎಂದಳು. ಪಕ್ಕದಲ್ಲಿದ್ದ ತಾಯಿ, "ಕೂಸಿನ ಚಿಂತಿರಿ, ಮೂರು ರಾತ್ರಿಯಾತು ಕಣ್ಣು ಮುಚ್ಚಿಲ್ಲ" ಅಂದರು. ಕೇಸ್‌ಶೀಟಿನಲ್ಲಿ ಬಿಪಿ, ಜ್ವರ, ಮೂತ್ರದ ಅಳತೆ ಬರೆಯಲು ಜಾಗವಿತ್ತು, ನಿದ್ದೆ ಬರೆಯಲು ಇರಲಿಲ್ಲ. ಮನೆಗೆ ಹೋದ ಮೇಲೆ ಆಕೆಗೆ ಇಲ್ಲದ ದನಿಗಳು ಕೇಳಿಸತೊಡಗಿದವು. ಗಾಳಿ ಸೋಕಿದೆ ಎಂದು ಮನೆಯವರು ತಾಯತ ಕಟ್ಟಿಸಿದರು. ಮನೋವೈದ್ಯರ ಬಳಿ ಹೋಗುವ ಹೊತ್ತಿಗೆ ಆಕೆ ಕೂಸನ್ನು ಮುಟ್ಟಲೂ ಹೆದರುತ್ತಿದ್ದಳು. ಔಷಧಿ ಬಿದ್ದ ಮೇಲೆ ಪೂರ್ತಿ ಚೇತರಿಸಿಕೊಂಡಳು, ಇವತ್ತು ಆ ಮಗನನ್ನು ತಾನೇ ಶಾಲೆಗೆ ಬಿಟ್ಟು ಬರುತ್ತಾಳೆ.

ಹಳ್ಳಿಯಲ್ಲಿ ಇದನ್ನು ಬಾಣಂತಿ ಸನ್ನಿ ಎನ್ನುತ್ತಾರೆ. ಸಾವಿರ ಹೆರಿಗೆಗೆ ಒಂದೆರಡು ಮಾತ್ರ, ಆದರೆ ಶುರುವಾಗುವುದು ಬಹುತೇಕ ಮೊದಲ ಎರಡು ವಾರದಲ್ಲಿ, ಮೊದಲು ಕೆಡುವ ಸಂಗತಿಗಳಲ್ಲಿ ನಿದ್ದೆಯೂ ಒಂದು. ಮನಸ್ಸು ಒಮ್ಮೆ ಅತಿ ಉದ್ರೇಕಕ್ಕೆ, ಒಮ್ಮೆ ಖಿನ್ನತೆಗೆ ಹೊಯ್ದಾಡುವ ಬೈಪೋಲಾರ್ ಕಾಯಿಲೆಯ ಹಿನ್ನೆಲೆ ಇರುವವರಿಗೆ ಅಪಾಯ ಬಹಳ ಹೆಚ್ಚು. ನಿದ್ದೆಗೆಟ್ಟರೆ ಮನಸ್ಸು ಉದ್ರೇಕದ ಕಡೆ ಜಿಗಿಯುತ್ತದೆ ಎಂದು ಆ ಕಾಯಿಲೆಯಿರುವ ಐವರಲ್ಲಿ ಒಬ್ಬರು ಹೇಳಿದ್ದನ್ನು ಬ್ರಿಟನ್‌ನ ಸಂಶೋಧಕರು ದಾಖಲಿಸಿದ್ದಾರೆ. ಖಿನ್ನತೆಯಂತೂ ಇನ್ನೂ ವ್ಯಾಪಕ: ಭಾರತದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಹೆರಿಗೆಯಾದ ತಾಯಂದಿರಲ್ಲಿ ಸುಮಾರು 22 ಶೇಕಡಾ ಮಂದಿಗೆ ಅದು ಕಾಡುತ್ತದೆ. ಹೆರಿಗೆಯೇ ಆಘಾತವಾಗಿ ಉಳಿಯುವುದೂ ಉಂಟು. ಸಾಮಾನ್ಯವಾಗಿ ನೂರಕ್ಕೆ ನಾಲ್ವರಲ್ಲಿ ಕಾಣುವ ಈ ಸಮಸ್ಯೆ, ಹೆರಿಗೆ ತೊಡಕಾದವರಂಥ ಹೆಚ್ಚು ಅಪಾಯದ ಗುಂಪುಗಳಲ್ಲಿ ನೂರಕ್ಕೆ ಹದಿನೆಂಟರಷ್ಟಾಗುತ್ತದೆ. ಇವರು ಕಣ್ಣು ಮುಚ್ಚಿದರೆ ಆಪರೇಷನ್ ಥಿಯೇಟರೇ ಎದುರು ಬರುತ್ತದೆ, ಹಾಗಾಗಿ ನಿದ್ದೆಗೇ ಹೆದರುತ್ತಾರೆ.

ಹಸುಗೂಸಿಗೆ ಮೊದಲ ಎರಡು ಮೂರು ತಿಂಗಳು ಹಗಲು ರಾತ್ರಿಯ ಪರಿವೆಯೇ ಇರುವುದಿಲ್ಲ, ಅದರ ಜೊತೆ ತಾಯಿಯ ದೇಹದ ಗಡಿಯಾರವೂ ತಪ್ಪುತ್ತದೆ. ಅದನ್ನು ಸರಿಯಾದ ಹೊತ್ತಿಗೆ ತರುವುದು ಬೆಳಗಿನ ಬೆಳಕು. ನಮ್ಮ ಬಾಣಂತನದಲ್ಲಿ ಇದಕ್ಕೆ ಅನುಕೂಲವೂ ಇದೆ, ಅಡ್ಡಿಯೂ ಇದೆ. ಎಣ್ಣೆನೀರು ಹಾಕಿ, ರಾತ್ರಿ ಕೂಸನ್ನು ತಾನೆತ್ತಿಕೊಂಡು ಮಗಳನ್ನು ಮಲಗಿಸುವ ತವರಿನ ಅಮ್ಮ ಯಾವ ಮಾತ್ರೆಗೂ ಕಮ್ಮಿಯಿಲ್ಲ. ಆದರೆ ಕಿಟಕಿ ಮುಚ್ಚಿ, ಹೊಗೆ ಹಾಕಿ, ವಾರಗಟ್ಟಲೆ ಕತ್ತಲ ಕೋಣೆಯಲ್ಲಿ ಇಡುವುದನ್ನು ಬಿಡಿಸಲೇಬೇಕು. ಆಶಾ ಹೇಳಿದರೆ ಅಜ್ಜಿಯರು ಕೇಳುತ್ತಾರೆ, ನಾನು ಕಂಡಿದ್ದೇನೆ.

ಆಸ್ಪತ್ರೆಯಲ್ಲಿ ಹೆತ್ತವಳ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಹೋಗಬೇಕೆಂಬ ನಿಯಮ ಈಗಾಗಲೇ ಇದೆ. ಸನ್ನಿ ಕಾಣಿಸಿಕೊಳ್ಳುವ ಕಾಲವೂ ಅದೇ. ಹೋಗಿ ಕೂಸಿನ ತೂಕ ನೋಡುವಾಗ ತಾಯಿಯನ್ನು ಒಂದೇ ಮಾತು ಕೇಳಲಿ: "ಕೂಸು ಮಲಗಿದಾಗ ನಿನಗೂ ನಿದ್ದೆ ಬರ್ತದೇನವ್ವಾ?" ಕೂಸು ಎಬ್ಬಿಸಿದ್ದಕ್ಕೆ ನಿದ್ದೆಗೆಡುವುದು ಎಲ್ಲರಿಗೂ ಇದ್ದದ್ದೇ. ಕೂಸು ಮಲಗಿದ್ದರೂ ಕಣ್ಣು ಮುಚ್ಚಲಾಗದಿದ್ದರೆ ಅದು ಬೇರೆ ಸಂಗತಿ. ಹಾಗೆಂದವಳಿಗೆ, ತಾಯಂದಿರ ಖಿನ್ನತೆ ಗುರುತಿಸಲು ಬಳಸುವ ಎಡಿನ್‌ಬರೋ ಮಾಪಕದ ಹತ್ತು ಪ್ರಶ್ನೆಗಳನ್ನು ಉಪಕೇಂದ್ರದ ಆರೋಗ್ಯ ಸಹಾಯಕಿ (ಎಎನ್‌ಎಂ) ಕೇಳಲಿ. ಅದರ ಕನ್ನಡ ರೂಪವನ್ನು ನಮ್ಮದೇ ಗ್ರಾಮೀಣ ಗರ್ಭಿಣಿಯರಲ್ಲಿ ಪರೀಕ್ಷಿಸಿದ ಅಧ್ಯಯನ 2011ರಲ್ಲೇ ಬಂದಿದೆ. ದಯವಿಟ್ಟು ಇದಕ್ಕಾಗಿ ಇನ್ನೊಂದು ಆ್ಯಪ್ ಮಾಡಿಸಬೇಡಿ. ಗೌರವಧನಕ್ಕಾಗಿ 2025ರ ಜನವರಿಯ ಚಳಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ಮಲಗಿದ ಹೆಣ್ಣುಮಕ್ಕಳು ಈ ಆಶಾಗಳು. ತಾಯಿ ಕಾರ್ಡಿನಲ್ಲಿ ಒಂದು ಸಾಲು, ಜೊತೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರು ಸಾಕು, ಮತ್ತು ಈ ಕೆಲಸಕ್ಕೆ ತಕ್ಕ ಹಣ ಕೊಡಿ.

ಕಾರ್ಡೇ ಏಕೆಂದರೆ, ಹೆರಿಗೆಗೆ ತವರಿಗೆ ಬಂದವಳನ್ನು ಅಲ್ಲಿನ ಆಶಾ ಬಸುರಿನಲ್ಲಿ ಕಂಡಿರುವುದಿಲ್ಲ. ಮೂರೋ ಐದೋ ತಿಂಗಳಿಗೆ ಗಂಡನ ಮನೆಗೆ ಹೋದರೆ ಆ ಊರಿನ ಆಶಾಗೆ ಬಾಣಂತನದಲ್ಲಿ ಏನಾಯಿತೆಂದು ಗೊತ್ತಿರುವುದಿಲ್ಲ. ಎರಡೂ ಊರಿಗೆ ಅವಳ ಜೊತೆ ಹೋಗುವುದು ಆ ಕಾರ್ಡೊಂದೇ.

ಪತ್ತೆಯಾದವರನ್ನು ಎಲ್ಲಿಗೆ ಕಳಿಸುವುದು? ತಾಲ್ಲೂಕು ಆಸ್ಪತ್ರೆಗಳಲ್ಲಿ ರಾಜ್ಯದ ಮಾನಸಿಕ ಆರೋಗ್ಯ ಯೋಜನೆ ಮನೋಚೈತನ್ಯದ ಮಂಗಳವಾರದ ಕ್ಲಿನಿಕ್ ಇದೆ, ಬಾಣಂತಿಯರನ್ನು ಅಲ್ಲಿ ಸರದಿಯಲ್ಲಿ ಕೂರಿಸದೆ ಮೊದಲು ನೋಡಲಿ. ಸನ್ನಿಯಾದರೆ ಮಂಗಳವಾರಕ್ಕೆ ಕಾಯುವಂತಿಲ್ಲ, ಅಂದೇ ದಾಖಲಾಗಬೇಕು. ತಾಯಿಯನ್ನೂ ಕೂಸನ್ನೂ ಒಟ್ಟಿಗೆ ಇಟ್ಟುಕೊಂಡು ಆರೈಕೆ ಮಾಡುವ ದೇಶದ ಮೊದಲ ಒಳರೋಗಿ ಘಟಕ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ಇದೆ. ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರ್ಪಡಿಸಬಾರದೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಹೇಳುತ್ತದೆ. ಹತ್ತು ದಿನದ ಹಸಿ ಬಾಣಂತಿಯನ್ನು ಬೀದರ್‌ನಿಂದ ಬೆಂಗಳೂರಿಗೆ ಯಾರು ಕರೆತರುತ್ತಾರೆ? ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ, ಕಲಬುರಗಿಯಲ್ಲಿ, ಬಳ್ಳಾರಿಯಲ್ಲಿ ಅಂಥ ಕೆಲವು ಹಾಸಿಗೆಗಳು ಬೇಕು.

ಬಳ್ಳಾರಿಯನ್ನು ಬೇಕೆಂದೇ ಹೇಳಿದೆ. 1985ರಿಂದ 1990ರವರೆಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಮನೋರೋಗಕ್ಕೆ ಚಿಕಿತ್ಸೆ ಕೊಡುವ ಪ್ರಯೋಗವನ್ನು ನಿಮ್ಹಾನ್ಸ್ ಮಾಡಿ ತೋರಿಸಿದ್ದು ಆ ಜಿಲ್ಲೆಯಲ್ಲಿ. ಅದೇ ಮಾದರಿಯ ಮೇಲೆ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ನೆರೆಯ ಕೇರಳ ತಾಯಂದಿರ ಮನಸ್ಸಿಗಾಗಿಯೇ 'ಅಮ್ಮ ಮನಸ್ಸ್' ನಡೆಸುತ್ತಿದೆ. ದಾರಿ ತೋರಿಸಿದ ರಾಜ್ಯ ನಮ್ಮದು, ಬಾಣಂತಿಯರ ವಿಷಯದಲ್ಲಿ ಹಿಂದೆ ಬೀಳುವುದನ್ನು ನೋಡಲಾಗುವುದಿಲ್ಲ.

ಮುಂದಿನ ತಾಯಿ ಮರಣ ಆಡಿಟ್‌ನಲ್ಲಿ ಹೆರಿಗೆಯಾಗಿ ಒಂದು ವರ್ಷದೊಳಗಿನ ಆತ್ಮಹತ್ಯೆಗಳನ್ನೂ ಸೇರಿಸಲು ಆದೇಶಿಸಿ. ತಾಯಿ ಕಾರ್ಡು ಮುಂದಿನ ಸಲ ಅಚ್ಚಿಗೆ ಹೋಗುವ ಮೊದಲು ಆ ನಿದ್ದೆಯ ಸಾಲನ್ನು ಹಾಕಿಸಿ. ಆಶಾಗಳಿಗೆ ತರಬೇತಿ ಕೊಡಲು ನನ್ನಂಥ ನಿವೃತ್ತ ನರ್ಸ್‌ಗಳು ಎಲ್ಲ ಜಿಲ್ಲೆಗಳಲ್ಲೂ ಇದ್ದೇವೆ, ಕರೆದರೆ ಬರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶುಶ್ರೂಷಾಧಿಕಾರಿ