ಬೋರ್ಡ್ ಕೆಲಸ ಇವತ್ತೇ ನಿಲ್ಲಿಸಿ

ದುಬೈ
ಭಾನುವಾರ ರಾತ್ರಿ

ತೀರ್ಥರೂಪ ಅಪ್ಪಾಜಿಯವರಿಗೂ ಅವ್ವಗೂ ನಮಸ್ಕಾರಗಳು. ನಾನು ಕ್ಷೇಮ, ನಿಮ್ಮನ್ನು ಹುಲಿಗೆಮ್ಮ ನೋಡಿಕೊಳ್ಳಲಿ.

ನಿಮ್ಮ ಪತ್ರವೂ, ನಮ್ಮ ಹೊಸ ಹೋಟೆಲಿನ ಹೆಸರಿನ ಬಗ್ಗೆ ಬಂದ ನೋಟೀಸಿನ ಜೆರಾಕ್ಸೂ ಮುಟ್ಟಿದವು. ಅಪ್ಪಾಜಿ, ಅದು ಕೋರ್ಟಿನ ಸಮನ್ಸ್ ಅಲ್ಲ. ಒಬ್ಬ ವಕೀಲರು ತಮ್ಮ ಕಕ್ಷಿದಾರರ ಪರವಾಗಿ ‘ಈ ಹೆಸರು ನಮ್ಮದು, ಬಳಸಬೇಡಿ’ ಅಂತ ಬರೆದ ಕಾಗದ, ಅಷ್ಟೆ. ಪೊಲೀಸರು ಬರುವುದಿಲ್ಲ, ಬಾಗಿಲಿಗೆ ಬೀಗ ಬೀಳುವುದಿಲ್ಲ, ಭತ್ತ ಮಾರಿದ ರೊಕ್ಕ ಎಲ್ಲೂ ಹೋಗಿಲ್ಲ. ಹೋಟೆಲ್ ತೆರೆಯುವ ಮೊದಲೇ ಬಂತಲ್ಲ, ಅದು ನಮ್ಮ ಪುಣ್ಯ. ಬಿಪಿ ಗುಳಿಗಿ ಬಿಡಬೇಡಿ. ಪೇಂಟರ್‌ಗೆ ಮಾತ್ರ ಇವತ್ತೇ ಫೋನ್ ಮಾಡಿ ಕೆಲಸ ನಿಲ್ಲಿಸಲು ಹೇಳಿ.

ಬಸು, ಇನ್ನು ಮುಂದಿನದು ನಿನಗೆ. ‘ನಗರಸಭೆಯವರು ಬೇಡ ಅನ್ನಲಿಲ್ಲ, ಜಿಎಸ್‌ಟಿಯಲ್ಲೂ ಹೆಸರು ಬಂದಿದೆ, ಇವರ್ಯಾರು ಕೇಳೋರು’ ಅಂತ ಅಪ್ಪಾಜಿ ಕೈಲಿ ಬರೆಸಿದ್ದೀಯಲ್ಲ, ಎಡವಿದ್ದು ಅಲ್ಲೇ. ನಗರಸಭೆ ನೋಡುವುದು ಜಾಗ, ತೆರಿಗೆ, ಸ್ವಚ್ಛತೆ. ಎಫ್‌ಎಸ್‌ಎಸ್‌ಎಐ ಕೊಡುವ 14 ಅಂಕಿಯ ನಂಬರು ಆಹಾರ ಸುರಕ್ಷತೆಗೆ. ಜಿಎಸ್‌ಟಿಯಲ್ಲಿ ‘ಲೀಗಲ್ ನೇಮ್’ ಪ್ಯಾನ್ ಕಾರ್ಡಿನಿಂದ ಬರುತ್ತದೆ, ‘ಟ್ರೇಡ್ ನೇಮ್’ ಜಾಗದಲ್ಲಿ ನೀನು ಟೈಪ್ ಮಾಡಿದ್ದೇ ಬರುತ್ತದೆ. ಆ ಹೆಸರು ಬೇರೆ ಯಾರದ್ದಾದರೂ ಇದೆಯಾ ಅಂತ ಇವರು ಯಾರೂ ಹುಡುಕುವುದಿಲ್ಲ. ಹೆಸರಿನ ಹಕ್ಕು ಬರೋದು 1999ರ ಟ್ರೇಡ್‌ಮಾರ್ಕ್ ಕಾಯ್ದೆಯಿಂದ. ಅದರಲ್ಲಿ ಪ್ರತಿ ಥರದ ಸರಕು, ಸೇವೆಗೆ ಒಂದೊಂದು ವರ್ಗದ ನಂಬರ್ ಇದೆ, ಹೋಟೆಲ್, ಖಾನಾವಳಿ, ಕೇಟರಿಂಗ್ ಎಲ್ಲ 43ನೇ ವರ್ಗ.

ನೋಟೀಸಿನ ಎರಡನೇ ಪುಟದಲ್ಲಿ ಅವರ ಅರ್ಜಿ ಸಂಖ್ಯೆ ಇದೆ. ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಿದೆ. ವರ್ಗ 43, ವರ್ಡ್ ಮಾರ್ಕ್ (ಅಂದರೆ ಚಿತ್ರವಲ್ಲ, ಪದವೇ ಅವರದು), ಸ್ಟೇಟಸ್ ‘ರಿಜಿಸ್ಟರ್ಡ್’. ‘ಅಬ್ಯಾಂಡನ್ಡ್’, ಅಂದರೆ ಅರ್ಜಿ ಕೈಬಿಟ್ಟಿದ್ದು ಅಂತ ಇದ್ದಿದ್ದರೆ, ಅಥವಾ ಮಸಾಲೆ ಪುಡಿಯ 30ನೇ ವರ್ಗದಲ್ಲಷ್ಟೇ ಇದ್ದಿದ್ದರೆ, ಮಾತಾಡಲು ಜಾಗ ಇರುತ್ತಿತ್ತು. ಬರೀ ಲೋಗೋ ನೋಂದಣಿ ಆಗಿದ್ದರೂ ಸ್ವಲ್ಪ ಉಸಿರಾಡಬಹುದಿತ್ತು. ಇಲ್ಲಿ ಹಾಗಿಲ್ಲ. ‘ಅವರದು ಇಂಗ್ಲಿಷಿನಲ್ಲಿ ಒಂದೇ ಎ, ನಮ್ಮದು ಎರಡು ಎ’ ಅನ್ನುವ ವಾದ ನಿಲ್ಲುವುದಿಲ್ಲ, ಕಿವಿಗೆ ಒಂದೇ ಥರ ಕೇಳಿಸಿದರೆ ಮುಗಿಯಿತು. ಅವರಿಗಿಂತ ಮೊದಲಿಂದ ನಾವು ಆ ಹೆಸರಲ್ಲಿ ಹೋಟೆಲ್ ನಡೆಸುತ್ತಿದ್ದರೆ 34ನೇ ಸೆಕ್ಷನ್ ನಮ್ಮನ್ನು ಕಾಯುತ್ತಿತ್ತು. ನಮ್ಮದು ಒಲೆಯೇ ಹೊತ್ತಿಲ್ಲ. ಆ ಹೆಸರು ಬಿಡು. ಅವರ ಜೊತೆ ಫೋನಿನಲ್ಲಿ ಜಗಳಕ್ಕೆ ನಿಲ್ಲಬೇಡ. ‘ಹೋಟೆಲ್ ಆರಂಭವಾಗಿಲ್ಲ, ಈ ಹೆಸರು ಬಳಸುವುದಿಲ್ಲ’ ಅಂತ ನೋಟೀಸಿನ ಗಡುವಿನೊಳಗೆ ವಕೀಲರ ಮೂಲಕ ಎರಡು ಸಾಲಿನ ಉತ್ತರ ಕೊಡಿಸು, ಸಾಕು.

ಹೊಸ ಹೆಸರಿನ ವಿಚಾರ. ‘ಒಗ್ಗರಣಿ ಮಿರ್ಚಿ ಸೆಂಟರ್’, ‘ಬಿಸಿ ರೊಟ್ಟಿ ಖಾನಾವಳಿ’ ಥರದ್ದು ಬೇಡ. ಮಾರುವ ಪದಾರ್ಥವನ್ನೇ ಹೇಳುವ ಹೆಸರಿಗೆ 9ನೇ ಸೆಕ್ಷನ್ ಆಕ್ಷೇಪಣೆ ಖಂಡಿತ. ಗಂಗಾವತಿ, ತುಂಗಭದ್ರಾ, ಅಂಜನಾದ್ರಿ ಎಲ್ಲ ಸ್ಥಳದ ಹೆಸರು, ಅದೇ ತೊಂದರೆ. ನಿನ್ನ ಕಿಷ್ಕಿಂಧೆಯೂ ಬೇಡ. ಪುರಾಣದ ಹೆಸರು ಊರೆಲ್ಲರದ್ದು. ಅಗರಬತ್ತಿಗೆ ‘ರಾಮಾಯಣ’ ಅನ್ನುವ ಹೆಸರು ತನಗೊಬ್ಬನಿಗೇ ಬೇಕು ಅಂದವರಿಗೆ 2015ರಲ್ಲಿ ಸುಪ್ರೀಂ ಕೋರ್ಟೇ ಆಗಲ್ಲ ಅಂದಿದೆ. ಅವ್ವ ಹೇಳಿದ ಹುಲಿಗೆಮ್ಮನ ಹೆಸರನ್ನು ಗಲ್ಲೆಯ ಮೇಲಿನ ಫೋಟೋಕ್ಕೆ ಇಡೋಣ. ನಿನ್ನ ಗೆಳೆಯರು ಹೇಳಿದ ‘ಅಪ್ಪು’ ಕೂಡ ಕಷ್ಟ. ಬದುಕಿರುವವರ, ಇಲ್ಲವೇ ತೀರಿಕೊಂಡು 20 ವರ್ಷ ಆಗದವರ ಜೊತೆ ಸಂಬಂಧ ಇದೆ ಅನ್ನಿಸುವಂಥ ಹೆಸರಿಟ್ಟರೆ ರಿಜಿಸ್ಟ್ರಾರ್ ಒಪ್ಪಿಗೆ ಪತ್ರ ಕೇಳಬಹುದು. ಪುನೀತ್ ಹೋಗಿದ್ದು 2021ರಲ್ಲಿ.

ಗಟ್ಟಿ ನಿಲ್ಲೋದು ಊಟಕ್ಕೆ ನೇರ ಸಂಬಂಧ ಇಲ್ಲದ ಪದ, ಇಲ್ಲವೇ ನಾವೇ ಕಟ್ಟಿದ ಪದ. ನನಗೆ ‘ನೆಲುವು’ ಅಂತ ಹೊಳೆದಿದೆ. ಅಜ್ಜಿ ಅಡುಗೆಮನೆಯ ಜಂತಿಗೆ ಕಟ್ಟಿ ಬೆಣ್ಣೆ ಗಡಿಗೆ ಇಡುತ್ತಿದ್ದಳಲ್ಲ, ಅದು. ಇಂಗ್ಲಿಷಿನಲ್ಲಿ ಬರೆದರೂ ಕೆಡುವುದಿಲ್ಲ. ‘ಹೊಳೆ’ ಅಂತ ಇಟ್ಟು ಇಂಗ್ಲಿಷಿನಲ್ಲಿ ಬರೆಸಿದರೆ ಹೊರಗಿನವರು ತೂತು ಅಂತ ಓದುತ್ತಾರೆ!

ಇಲ್ಲಿಯ ತಮಾಷೆ ಕೇಳು. ಅರಬ್ಬಿಯಲ್ಲಿ ಪಕಾರವೇ ಇಲ್ಲ. ಬೋರ್ಡಿನಲ್ಲಿ ಅರಬ್ಬಿ ಇರಲೇಬೇಕು, ಹಾಗಾಗಿ ನಮ್ಮ ‘ಪಂಪಾ’ ಇಲ್ಲಿಗೆ ಬಂದರೆ ‘ಬಂಬಾ’, ಪಡ್ಡು ‘ಬಡ್ಡು’. ದೇವರ ಹೆಸರು ಇಡುವ ಹಾಗಿಲ್ಲ. ಮಾಲೀಕನ ಹೆಸರಿಟ್ಟರೆ ಇನಿಷಿಯಲ್ ನಡೆಯುವುದಿಲ್ಲ, ಪೂರ್ತಿ ಬರೆಯಬೇಕು. ಅರಬ್ಬಿಯಲ್ಲದ ಹೆಸರಿಗೆ ಹೆಚ್ಚುವರಿ ಫೀಸು ಬೇರೆ. ಆದರೂ ಒಂದು ಮಾತು ಹೇಳುತ್ತೇನೆ, ಇಲ್ಲಿ ಮೊದಲು ಹೆಸರು ಕಾಯ್ದಿರಿಸಿ, ಆಮೇಲೆ ಲೈಸೆನ್ಸ್. ನಮ್ಮಲ್ಲಿ ಮೊದಲು ಬೋರ್ಡು, ಆಮೇಲೆ ನೋಟೀಸು.

ಅರ್ಜಿಗೆ ಮೊದಲು ರಿಜಿಸ್ಟ್ರಿಯ ಪಬ್ಲಿಕ್ ಸರ್ಚ್‌ನಲ್ಲಿ 43ನೇ ವರ್ಗ ಹಾಕಿ ಹುಡುಕು. ‘ಫೊನೆಟಿಕ್’ (ಒಂದೇ ಥರ ಕೇಳಿಸುವ ಹೆಸರು) ಆಯ್ಕೆಯಲ್ಲೂ ಹುಡುಕು, ಎನ್ ಇ ಎಲ್ ಯು, ಎನ್ ಇ ಎಲ್ ಎ, ಡಬಲ್ ಎಲ್, ವಿ ಬದಲು ಡಬ್ಲ್ಯೂ, ಎಲ್ಲ ಹಾಕು. 30ನೇ ವರ್ಗವನ್ನೂ ನೋಡು. ಗೂಗಲ್ ಮ್ಯಾಪ್, ಸ್ವಿಗ್ಗಿ, ಜೊಮ್ಯಾಟೊ ಕೂಡ ನೋಡು, ಯಾಕೆಂದರೆ ನೋಂದಣಿ ಇಲ್ಲದವರೂ ತಮ್ಮ ಹೆಸರು ಚಾಲ್ತಿಯಲ್ಲಿದೆ ಅಂತ ತೋರಿಸಿ ಕೇಸ್ ಹಾಕಬಹುದು.

ಫಾರಂ ಟಿಎಂ-ಎ, ಆನ್‌ಲೈನ್. ಒಬ್ಬ ವ್ಯಕ್ತಿಯ ಹೆಸರಲ್ಲಾದರೆ ಒಂದು ವರ್ಗಕ್ಕೆ 4,500 ರೂಪಾಯಿ. ಭಾವನವರನ್ನು ಸೇರಿಸಿ ಪಾಲುದಾರಿಕೆ ಸಂಸ್ಥೆಯ ಹೆಸರಲ್ಲಿ ಹಾಕುವುದಾದರೆ ಅಷ್ಟೇ ಫೀಸಿಗೆ ಉದ್ಯಮ್ ಸರ್ಟಿಫಿಕೇಟ್ (ಸಣ್ಣ ಉದ್ದಿಮೆ ಅಂತ ಸರ್ಕಾರ ಕೊಡುವ ನೋಂದಣಿ) ಬೇಕು, ಇಲ್ಲದಿದ್ದರೆ 9,000. ಯಾರ ಹೆಸರಲ್ಲಿ ಹಾಕಿದರೂ, ಪಾಲುದಾರಿಕೆ ಪತ್ರದಲ್ಲಿ ಹೆಸರು ಮತ್ತು ಗುಡ್‌ವಿಲ್ (ಹೋಟೆಲ್ ಗಳಿಸಿದ ಒಳ್ಳೆಯ ಹೆಸರಿನ ಬೆಲೆ) ಯಾರದ್ದು, ಬೇರೆಯಾದರೆ ಯಾರಿಗೆ ಉಳಿಯುತ್ತದೆ ಅಂತ ಒಂದು ಕಲಂ ಬರೆಸು. ಅಪ್ಪಾಜಿ, ಭಾವನವರ ಮೇಲೆ ಅನುಮಾನ ಅಂತ ತಿಳಿಯಬೇಡಿ. ಅಕ್ಕನ ಮನೆಯವರ ಜೊತೆ ಮನಸ್ತಾಪ ಬರಬಾರದು ಅಂತಲೇ ಹೇಳುತ್ತಿದ್ದೇನೆ.

ಮೊದಲು ವರ್ಡ್ ಮಾರ್ಕ್ ಹಾಕು, ಲೋಗೋ ಆಮೇಲೆ. ಕನ್ನಡ ಲಿಪಿಯಲ್ಲಿ ಹಾಕಿದರೆ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಅದರ ಉಚ್ಚಾರಣೆ, ಅರ್ಥ ಎರಡನ್ನೂ ಕೊಡಬೇಕು, ಇದನ್ನು ಮರೆತೇ ಎಷ್ಟೋ ಅರ್ಜಿ ನಿಲ್ಲುತ್ತವೆ. ‘ಯಾವಾಗಿನಿಂದ ಬಳಕೆ’ ಅನ್ನುವಲ್ಲಿ ‘ಪ್ರಪೋಸ್ಡ್ ಟು ಬಿ ಯೂಸ್ಡ್’, ಅಂದರೆ ಇನ್ನು ಮುಂದೆ ಬಳಸುತ್ತೇವೆ ಅಂತ ಹಾಕು. ಏಜೆಂಟ್ ಹಳೆಯ ತಾರೀಖು ಹಾಕೋಣ ಅಂದರೆ ಒಪ್ಪಬೇಡ, ಅದಕ್ಕೆ ಅಫಿಡವಿಟ್ಟು, ಬಿಲ್ಲು ಎಲ್ಲ ಕೇಳುತ್ತಾರೆ. ಕರ್ನಾಟಕದ ಅರ್ಜಿ ಹೋಗುವುದು ಚೆನ್ನೈ ಕಚೇರಿಗೆ. ಅವರು ಅರ್ಜಿ ಪರಿಶೀಲಿಸಿ ಕಳಿಸುವ ಪರೀಕ್ಷಾ ವರದಿಯಲ್ಲಿ ಆಕ್ಷೇಪಣೆ ಬಂದರೆ ಕೈಗೆ ಸಿಕ್ಕ ಒಂದು ತಿಂಗಳಲ್ಲಿ ಉತ್ತರ ಹೋಗಬೇಕು. ವರದಿ ಇಮೇಲ್‌ನಲ್ಲಿ ಬರುತ್ತದೆ, ಸೈಬರ್ ಸೆಂಟರ್‌ನವರ ಇಮೇಲ್ ಕೊಡಬೇಡ, ನಿನ್ನದೇ ಕೊಡು. ಒಪ್ಪಿದ ಮೇಲೆ ಜರ್ನಲ್‌ನಲ್ಲಿ ಪ್ರಕಟಿಸಿ 4 ತಿಂಗಳು ಕಾಯುತ್ತಾರೆ. ಯಾರೂ ವಿರೋಧಿಸದಿದ್ದರೆ ಸರ್ಟಿಫಿಕೇಟ್, ಅರ್ಜಿ ಹಾಕಿದ ದಿನದಿಂದ 10 ವರ್ಷ. ಅರ್ಜಿ ಹಾಕಿದ ಮೇಲೆ ಹೆಸರಿನ ಪಕ್ಕ ‘ಟಿಎಂ’ ಬರೆಸಬಹುದು. ವೃತ್ತದೊಳಗಿನ ‘ಆರ್’ ಮಾತ್ರ ಸರ್ಟಿಫಿಕೇಟ್ ಬರುವವರೆಗೆ ಬೇಡ, ಅದು ಕಾನೂನು ಪ್ರಕಾರ ತಪ್ಪು.

ಅರ್ಜಿ ನಂಬರ್ ಸಿಕ್ಕ ಮೇಲೆ ನಗರಸಭೆ, ಎಫ್‌ಎಸ್‌ಎಸ್‌ಎಐ, ಜಿಎಸ್‌ಟಿ, ಬ್ಯಾಂಕು ಎಲ್ಲದರಲ್ಲೂ ಹೆಸರು ತಿದ್ದಿಸು, ಅಕ್ಷರಕ್ಕೆ ಅಕ್ಷರ ಒಂದೇ ಇರಲಿ. ಶಾಪ್ ಆ್ಯಕ್ಟ್ ನೋಂದಣಿ ತೆರೆದ 30 ದಿನದೊಳಗೆ. ಬೋರ್ಡಿನಲ್ಲಿ ನೂರಕ್ಕೆ 60 ಪಾಲು ಕನ್ನಡ ಇರಬೇಕು, ಅದೂ ಮೇಲಿನ ಅರ್ಧದಲ್ಲಿ. ಪೇಂಟರ್ ಇಂಗ್ಲಿಷ್ ದೊಡ್ಡದಾಗಿ ಬರೆದಿದ್ದ ಫೋಟೋ ನೋಡಿದೆ. ಆ ಹಲಗೆ ಹೇಗೂ ನಡೆಯುತ್ತಿರಲಿಲ್ಲ, ಸುಣ್ಣ ಬಳಿಸು, ಹಲಗೆ ವ್ಯರ್ಥ ಆಗುವುದಿಲ್ಲ.

ಅಪ್ಪಾಜಿ, ಮತ್ತೆ ಹೇಳುತ್ತೇನೆ, ಏನೂ ಆಗಿಲ್ಲ. ಏನೂ ಆಗುವುದಿಲ್ಲ. 4,500 ನಾನೇ ಹಾಕುತ್ತೇನೆ, ವಕೀಲರ ಫೀಸನ್ನೂ. ಅವ್ವಗೆ ನೋಟೀಸ್ ತೋರಿಸಬೇಡಿ, ತೋರಿಸಿದ್ದರೆ ಅರ್ಥ ಹೇಳಿ. ಬೆಳಿಗ್ಗೆ 6ಕ್ಕೆ ಬಸ್ಸು, ಲೈಟ್ ಆರಿಸು ಅಂತ ರೂಮಿನವಳು ಎರಡು ಸಲ ಹೇಳಿದಳು. ಗುಳಿಗಿ ಮರೆಯಬೇಡಿ.

ನಿಮ್ಮ ಮಗಳು,
ಗೌರಿ

ಬಸು, ಹುಡುಕಿದ ಸ್ಕ್ರೀನ್‌ಶಾಟ್ ಕಳಿಸು. ನಾನು ನೋಡುವವರೆಗೆ ಯಾವ ಹೆಸರನ್ನೂ ಯಾರಿಗೂ ಹೇಳಬೇಡ, ಚಹಾದಂಗಡಿಯಲ್ಲಂತೂ ಹೇಳಲೇಬೇಡ.