ಹಡಗಿನವರು ಬರುವ ದಿನ

ಪ್ರೀತಿಯ ಪುಟ್ಟಿ,

ಪಣಂಬೂರು ಬಂದರಿಗೆ ಪ್ರವಾಸಿಗರ ಹಡಗು ಬರುವ ದಿನ ಅದರಲ್ಲಿ ಬರುವ ಹದಿನಾಲ್ಕು ಜನರನ್ನು ಮಂಗಳೂರು ಸುತ್ತಿಸುವ ಕೆಲಸ ನಿನಗೆ ಸಿಕ್ಕಿದೆಯಂತೆ, ಅಮ್ಮ ಫೋನಿನಲ್ಲಿ ಹೇಳಿದಳು. ನೀನು ಮಾಡಿದ ಪಟ್ಟಿಯನ್ನೂ ವಾಟ್ಸಾಪಿನಲ್ಲಿ ಕಳಿಸಿದಳು. ಒಂಬತ್ತು ಜಾಗ! ಮಾರಾಯ್ತಿ, ಓದುವಾಗಲೇ ನನಗೆ ಕಾಲು ನೋಯಿತು.

ನಾನೂ ಒಂದು ಕಾಲದಲ್ಲಿ ಹಾಗೆಯೇ ಮಾಡುತ್ತಿದ್ದೆ. ಒಮ್ಮೆ ಬೆಳಿಗ್ಗೆ ಊರಲ್ಲಿ ನಾಲ್ಕು ಕಡೆ ತೋರಿಸಿ, ಊಟ ಮಾಡಿಸಿ, ಮತ್ತೆ ಮೂಡುಬಿದಿರೆಗೆ ಹೊರಟೆ. ಬರೀ ಮೂವತ್ತೈದು ಕಿಲೋಮೀಟರ್, ಅಷ್ಟೇ ಅಲ್ವಾ ಅಂತ. 1430ರ ಸಾವಿರ ಕಂಬದ ಬಸದಿ, ಒಂದು ಕಂಬದ ಹಾಗೆ ಇನ್ನೊಂದಿಲ್ಲ. ನನ್ನ ಜನ ಮೂರನೇ ಕಂಬಕ್ಕೇ ಕೂತುಬಿಟ್ಟರು, ಅಷ್ಟು ಸುಸ್ತು. ವಾಪಸ್ ಬರುವಾಗ ಗುರುಪುರದ ಹಳೇ ಸೇತುವೆ ಹತ್ತಿರ ಲಾರಿಯೊಂದು ಕೆಟ್ಟು ನಿಂತಿತ್ತು. ಹಡಗು ಹೊರಡಲು ಒಂದೂವರೆ ಗಂಟೆ ಇತ್ತು. ಗಾಡಿಯೊಳಗೆ ಒಬ್ಬರೂ ಮಾತಾಡಲಿಲ್ಲ, ಎಲ್ಲರೂ ಗಡಿಯಾರ ನೋಡುತ್ತಿದ್ದರು. ಹಡಗು ತಪ್ಪಲಿಲ್ಲ ನಿಜ. ಆದರೆ ಆ ಲಾರಿಯ ಹಿಂದೆ ನಿಂತ ಹದಿನೈದು ನಿಮಿಷ ನನಗೆ ಈಗಲೂ ಕನಸಿನಲ್ಲಿ ಬರುತ್ತದೆ. ಹಾಗಾಗಿ ಮೂಡುಬಿದಿರೆಯನ್ನು ಪಟ್ಟಿಯಿಂದ ಹೊಡೆದು ಹಾಕು. ಇಲ್ಲಾಂದ್ರೆ ಅದೊಂದನ್ನೇ ಇಟ್ಟುಕೋ.

ಮೊದಲು ಕದ್ರಿ ದೇವಸ್ಥಾನಕ್ಕೆ ಹೋಗು. ಬಿಸಿಲೇರಿದ ಮೇಲೆ ಅಂಗಳದ ಕಲ್ಲಿನ ಮೇಲೆ ಬರಿಗಾಲಿಡಲು ಆಗುವುದಿಲ್ಲ. ನಮಗೇ ಸುಡುತ್ತದೆ, ಹಡಗಿನವರ ಪಾದ ಹತ್ತಿಯ ಹಾಗೆ. ಹಳೇ ಕಾಲುಚೀಲ ತರಲು ಮೊದಲೇ ಹೇಳು. ಅಲ್ಲಿ ಲೋಕೇಶ್ವರನ ಕಂಚಿನ ಮೂರ್ತಿ ಇದೆಯಲ್ಲ, ಮೂರು ಮುಖ, ಆರು ಕೈ, ಅದರ ಮುಂದೆ ಅವಸರ ಮಾಡಬೇಡ. ಆಳುಪ ವಂಶದ ರಾಜ ಕುಂದವರ್ಮ 968ರಲ್ಲಿ ಇಡಿಸಿದ್ದು ಅಂತ ಪೀಠದ ಶಾಸನವೇ ಹೇಳುತ್ತದೆ. ಆ ಶಾಸನದಲ್ಲಿ ‘ವಿಹಾರ’ ಎಂಬ ಮಾತೂ ಇದೆ, ಬೌದ್ಧರ ಮಠಕ್ಕೆ ಹೇಳುವ ಮಾತು. ಬೌದ್ಧರದ್ದೋ ಶೈವರದ್ದೋ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಪಂಡಿತರೇ ಒಪ್ಪಿಲ್ಲ ಅಂತ ಹೇಳಿ ಸುಮ್ನಿರು. ನಾನು ಹೊಸತರಲ್ಲಿ ಬಾಯಿಗೆ ಬಂದ ಕತೆ ಕಟ್ಟುತ್ತಿದ್ದೆ. ಒಂದು ದಿನ ಗುಂಪಿನಲ್ಲಿ ಇತಿಹಾಸದ ಮೇಷ್ಟ್ರೊಬ್ಬರು ಇದ್ದರು. ಅವರು ಏನೂ ಅನ್ನಲಿಲ್ಲ, ಸ್ವಲ್ಪ ನಕ್ಕರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮೂರ್ತಿ ನೋಡಿಯಾದ ಮೇಲೆ ಮೇಲಿನ ಕೆರೆಗಳ ಹತ್ತಿರ ಹತ್ತು ನಿಮಿಷ ಬಿಟ್ಟುಬಿಡು. ನೀನೂ ಬಾಯಿ ಮುಚ್ಚಿಕೊಂಡು ಕೂರು.

ಸಂತ ಅಲೋಶಿಯಸ್ ಚಾಪೆಲ್ ಯಾವ ಹೊತ್ತಿಗೆ ತೆರೆದಿರುತ್ತದೆ ಅಂತ ಹಿಂದಿನ ದಿನವೇ ಫೋನ್ ಮಾಡಿ ಕೇಳು. ಒಳಗೆ ಫೋಟೋ ತೆಗೆಯುವ ಹಾಗಿಲ್ಲ, ಅದನ್ನು ಬಾಗಿಲ ಹೊರಗೇ ಹೇಳಿಬಿಡು. ಒಳಗೆ ಹೋದ ಮೇಲೆ ಹೇಳಿದರೆ ಮುಖ ಸಣ್ಣದಾಗುತ್ತದೆ. ಚಿತ್ರ ಬರೆದವರು ಇಟಲಿಯ ಆಂಟೋನಿಯೋ ಮೋಸ್ಕೇನಿ. 1899ರಲ್ಲಿ ಶುರು ಮಾಡಿ ಎರಡು ವರ್ಷಕ್ಕೂ ಜಾಸ್ತಿ ಬರೆದರು. ಇಸವಿಗಿಂತ ಕೆಲಸ ಹೇಗಾಯಿತು ಅಂತ ಹೇಳು: ಗೋಡೆಗೆ ಹಸಿ ಗಾರೆ ಬಳಿದು, ಅದು ಒಣಗುವ ಮೊದಲೇ ಬಣ್ಣ ಹಚ್ಚಬೇಕು. ಒಣಗಿದರೆ ಬಣ್ಣ ಒಳಗೆ ಇಳಿಯುವುದಿಲ್ಲ. ಹಾಗಾಗಿ ಒಂದು ದಿನಕ್ಕೆ ಎಷ್ಟು ಬರೆಯಲಾದೀತೋ ಅಷ್ಟಕ್ಕೇ ಗಾರೆ ಹಾಕುವುದು. ಇಷ್ಟು ಹೇಳಿ ಗೋಡೆ ನೋಡಿ ಅನ್ನು. ಆಗ ಅವರು ಅದರಿಂದ ಕಣ್ಣು ತೆಗೆಯುವುದಿಲ್ಲ.

ಗೋಡಂಬಿ ಫ್ಯಾಕ್ಟರಿ ಇರಲಿ. ಅಲ್ಲಿ ಹೆಂಗಸರ ಕೈ ತೋರಿಸು. ಸಿಪ್ಪೆಯ ಎಣ್ಣೆ ತಾಗಿದರೆ ಚರ್ಮ ಸುಟ್ಟು ಕಪ್ಪಾಗುತ್ತದೆ, ಅದಕ್ಕೇ ಬೇರೆ ಎಣ್ಣೆ ಸವರಿಕೊಂಡು ಕೂರುತ್ತಾರೆ. ಒಂದು ಕೈಯಲ್ಲಿ ಬೀಜ ಇಟ್ಟು ಕಾಲಿನಿಂದ ಪೆಡಲ್ ಒತ್ತಿದರೆ ಟಕ್ ಅಂತ ಸಿಪ್ಪೆ ಒಡೆಯುತ್ತದೆ, ಒಳಗಿನ ಬೀಜ ಮಾತ್ರ ಇಡಿಯಾಗಿ ಉಳಿಯಬೇಕು. ಕೇಳದೆ ಯಾರ ಫೋಟೋನೂ ತೆಗೆಯಲು ಬಿಡಬೇಡ. ಪೋರ್ಚುಗೀಸರು ಬ್ರೆಜಿಲ್‌ನಿಂದ ತಂದ ಮರ ಅಂದರೆ ಎಲ್ಲರೂ ಬೆರಗಾಗುತ್ತಾರೆ, ನಮ್ಮೂರಿನವರೂ ಸೇರಿ!

ಸುಲ್ತಾನ್ ಬತ್ತೇರಿ ಸಣ್ಣ ಕಪ್ಪುಕಲ್ಲಿನ ಬುರುಜು, ಟಿಪ್ಪು ಕಾಲದ್ದು. ಹತ್ತು ನಿಮಿಷ ಸಾಕು. ನಿಜವಾದ ಮಜಾ ಅಲ್ಲಿಂದ ದೋಣಿಯಲ್ಲಿ ತಣ್ಣೀರುಬಾವಿಗೆ ದಾಟುವುದರಲ್ಲಿ ಇರುವುದು. ಕುದ್ರೋಳಿ ದೇವಸ್ಥಾನ, ಮಾರ್ಕೆಟ್ಟು, ಟೈಮಿದ್ದರೆ ನೋಡು.

ಅಂಗಡಿಯವರು ನಿನ್ನನ್ನು ಪಕ್ಕಕ್ಕೆ ಕರೆದು ಕಮಿಷನ್ ಮಾತಾಡುತ್ತಾರೆ. ಹೆದರಬೇಡ, ಬೇಡ ಅಂತ ನಗುತ್ತಾ ಹೇಳು. ತೆಗೆದುಕೊಂಡರೆ ಆಮೇಲೆ ಆ ಅಂಗಡಿಗೆ ನೀನೇ ಹೊತ್ತು ಕೊಡಬೇಕಾಗುತ್ತದೆ. ಆ ಹೊತ್ತು ಯಾರ ದಿನದಿಂದ ಬರುತ್ತದೆ? ನಾನು ಎರಡು ವರ್ಷ ತೆಗೆದುಕೊಂಡಿದ್ದೇನೆ, ಅಮ್ಮನಿಗೆ ಹೇಳಬೇಡ.

ಸೆಕೆಗೆ ಬೊಂಡ, ಅಂದರೆ ಎಳನೀರು ಕುಡಿಸು, ಒಳಗಿನ ಎಳೆ ತಿರುಳನ್ನೂ ಕೆತ್ತಿಸಿ ತಿನ್ನಿಸು. ಊಟಕ್ಕೆ ಮೊದಲು ನೀರ್ ದೋಸೆ ಇರಲಿ. ಖಾರ ಏನಿದ್ದರೂ ಆಮೇಲೆ. ಸಂಜೆ ಹಡಗು ಹೊರಡುವ ಎರಡು ಗಂಟೆ ಮೊದಲು ನೀನು ಬಂದರಿನ ಗೇಟಿನೊಳಗೆ ಇರಬೇಕು.

ಹಿಂದಿನ ಸಂಜೆ ಮನೆಗೆ ಬಂದು ಹೋಗು. ಅಟ್ಟದಲ್ಲಿ ನನ್ನ ಎರಡು ದೊಡ್ಡ ಕೊಡೆಗಳಿವೆ, ಬಿಸಿಲಿಗೆ ಬೇಕಾಗುತ್ತವೆ. ಒಂದರ ಕಡ್ಡಿ ಮುರಿದಿದೆ, ನೀನು ಬರುವುದರೊಳಗೆ ಸರಿ ಮಾಡಿಸಿಡುತ್ತೇನೆ.

ನಿನ್ನ ಮಾವ