ಟೂ-ಅಪ್ ನಿಯಮ: ಒಂದು ತಿದ್ದುಪಡಿ

ಮಾನ್ಯ ಸಂಪಾದಕರೇ,

ಆಸ್ಟ್ರೇಲಿಯಾದ ಟೂ-ಅಪ್ ಎಂಬ ನಾಣ್ಯ ಚಿಮ್ಮುವ ಜೂಜಿನ ಕುರಿತು ತಮ್ಮ ಸಾಪ್ತಾಹಿಕ ಪುರವಣಿಯಲ್ಲಿ ಬಂದ ಬರಹವನ್ನು ಓದಿದೆ. ಒಂದು ನಾಣ್ಯ ಹೆಡ್, ಇನ್ನೊಂದು ಟೇಲ್ ಬಿದ್ದರೆ ಆಟ ಸಮವಾಗಿ ಪಣದ ಹಣ ಹಿಂದಿರುಗುತ್ತದೆ ಎಂದು ಅದರಲ್ಲಿ ಹೇಳಿರುವುದು ತಪ್ಪು. ಆಗ ಯಾರ ಹಣವೂ ಕದಲುವುದಿಲ್ಲ. ಕಟ್ಟಿದ ಪಣ ಹಾಗೆಯೇ ನಿಂತು, ನಾಣ್ಯಗಳನ್ನು ಮತ್ತೆ ಚಿಮ್ಮಲಾಗುತ್ತದೆ.

ಮಗನ ಮನೆಗೆಂದು ಸಿಡ್ನಿಗೆ ಹೋಗಿದ್ದಾಗ, 1915ರ ಏಪ್ರಿಲ್ 25ರಂದು ಟರ್ಕಿಯ ಗ್ಯಾಲಿಪೊಲಿಯಲ್ಲಿ ಇಳಿದ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೈನಿಕರ ನೆನಪಿನ ಆನ್ಜಾಕ್ ದಿನದಂದು ಈ ಆಟವನ್ನು ಹತ್ತಿರದಿಂದ ನೋಡಿದ್ದೇನೆ. ಅಂಗೈಯಗಲದ ಮರದ ಹಲಗೆಯೊಂದರ ಮೇಲೆ ಎರಡು ಹಳೆಯ ಪೆನ್ನಿ ನಾಣ್ಯಗಳು; ಒಂದು ಬದಿಗೆ ಆರನೇ ಜಾರ್ಜ್ ದೊರೆಯ ತಲೆ, ಇನ್ನೊಂದು ಬದಿಗೆ ಕಾಂಗರೂ. ದೂರದಿಂದಲೂ ಗುರುತು ಸಿಗಲೆಂದು ಕಾಂಗರೂ ಇರುವ ಬದಿಗೆ ಬಿಳಿ ಬಣ್ಣದ ಅಡ್ಡಗೆರೆ ಎಳೆದಿದ್ದರು. ಚಿಮ್ಮುವವನು ವೃತ್ತದ ನಡುವೆ ನಿಂತು, ನಾಣ್ಯಗಳು ತಲೆಗಿಂತ ಸಾಕಷ್ಟು ಮೇಲಕ್ಕೆ ಹೋಗಿ ಉರುಳುವಂತೆ ಎಸೆಯಬೇಕು. ಉರುಳದಿದ್ದರೆ, ಅಥವಾ ವೃತ್ತದ ಹೊರಗೆ ಬಿದ್ದರೆ, ಆ ಎಸೆತ ಲೆಕ್ಕಕ್ಕಿಲ್ಲ. ಹೆಡ್‌ಗೆ ಕಟ್ಟುವವರು ನೋಟನ್ನು ತಲೆಗೆ ತಟ್ಟಿ ತೋರಿಸುತ್ತಿದ್ದರು, ಎದುರು ಕಟ್ಟುವವರು ತಾವಾಗಿಯೇ ಹತ್ತಿರ ಬರುತ್ತಿದ್ದರು.

ಗಣಿತ ಕಲಿಸಿದವನಾಗಿ ನನ್ನ ಗಮನ ಹೋದದ್ದು ಲೆಕ್ಕದತ್ತ. ಎರಡು ನಾಣ್ಯ ಎಸೆದಾಗ ಎರಡೂ ಹೆಡ್ ಬೀಳುವ ಸಂಭವ ನಾಲ್ಕರಲ್ಲಿ ಒಂದು, ಎರಡೂ ಟೇಲ್ ಬೀಳುವುದೂ ನಾಲ್ಕರಲ್ಲಿ ಒಂದು, ಬೇರೆ ಬೇರೆ ಬೀಳುವುದು ಅರ್ಧಕ್ಕರ್ಧ. ಈ ಅರ್ಧವನ್ನು ಬಿಟ್ಟು ಮತ್ತೆ ಎಸೆಯುವುದರಿಂದಲೇ ಪಣ ಕಟ್ಟಿದ ಇಬ್ಬರ ನಡುವೆ ನ್ಯಾಯ ಸಮನಾಗಿ ಉಳಿಯುತ್ತದೆ. ಕ್ಯಾಸಿನೊದಲ್ಲಿ ಆಡುವಾಗ ಇದೇ ಜಾಗದಲ್ಲಿ ಒಂದು ನಿಯಮ ಸೇರಿಕೊಳ್ಳುತ್ತದೆ: ಸತತ ಐದು ಬಾರಿ ಬೇರೆ ಬೇರೆಯಾಗಿ ಬಿದ್ದರೆ, ಹೆಡ್‌ಗೆ ಕಟ್ಟಿದವರೂ ಟೇಲ್‌ಗೆ ಕಟ್ಟಿದವರೂ ಸೋಲುತ್ತಾರೆ. ಅದರ ಸಂಭವ 32ರಲ್ಲಿ ಒಂದು, ಅಂದರೆ ಶೇ 3.125. ನೋಡುವವರ ಕಣ್ಣಿಗೆ ನಾಣ್ಯಗಳು ಅವೇ, ಎಸೆತವೂ ಅದೇ. ಆದರೆ ನೂರು ಡಾಲರ್ ಕಟ್ಟಿದಲ್ಲಿ ಸರಾಸರಿ ಮೂರು ಡಾಲರಿಗಿಂತ ತುಸು ಹೆಚ್ಚು ಆಟ ನಡೆಸುವವರ ಪಾಲಾಗುತ್ತದೆ. ತಮ್ಮ ಬರಹ ಬಿಟ್ಟುಬಿಟ್ಟದ್ದು ಇದನ್ನೇ, ಓದುಗರಿಗೆ ಬೇಕಾದದ್ದೂ ಇದೇ.

ಕಾನೂನಿನ ಮಾತನ್ನೂ ಸೇರಿಸಬೇಕಿತ್ತು. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲೂ 1998ರ ಕಾಯ್ದೆಯಂತೆ ಕ್ಯಾಸಿನೊ ಹೊರಗೆ ಸಾರ್ವಜನಿಕವಾಗಿ ಈ ಆಟಕ್ಕೆ ಅವಕಾಶವಿರುವುದು ಆನ್ಜಾಕ್ ದಿನದಂಥ ಕೆಲವು ಸ್ಮರಣೆಯ ದಿನಗಳಲ್ಲಿ ಮಾತ್ರ. ಗಣಿ ಪಟ್ಟಣವಾದ ಬ್ರೋಕನ್ ಹಿಲ್‌ಗೆ ವಿನಾಯಿತಿ ಇದೆ. ನಮ್ಮಲ್ಲಿ 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಹೀಗೆ ಬೀದಿಯಲ್ಲಿ ಹಣ ಕಟ್ಟಿ ಆಡುವುದು ಅಪರಾಧ. ಕಾಲೇಜು ಹುಡುಗರೂ ಓದುವ ಪುರವಣಿಯಲ್ಲಿ ಇದು ಒಂದು ಸಾಲಾದರೂ ಇರಬೇಕಿತ್ತು.

ಮುಂದಿನ ಪುರವಣಿಯಲ್ಲಿ ಈ ತಿದ್ದುಪಡಿ ಪ್ರಕಟಿಸಬೇಕೆಂದು ಕೋರುತ್ತೇನೆ. ನಮ್ಮ ಜಿಲ್ಲೆಯ ಜುಗಾರಿ ಅಡ್ಡೆಗಳ ಮೇಲಿನ ದಾಳಿಯ ಸುದ್ದಿ ಬರೆಯುವಾಗಲೂ, ವಶಪಡಿಸಿಕೊಂಡ ಹಣದ ಮೊತ್ತದ ಜೊತೆಗೆ ಅಡ್ಡೆ ನಡೆಸುವವನ ಪಾಲು ಆಟದ ಯಾವ ನಿಯಮದೊಳಗೆ ಅಡಗಿತ್ತು ಎಂಬುದನ್ನು ಎರಡು ಸಾಲಿನಲ್ಲಿ ತಿಳಿಸುವಂತೆ ತಮ್ಮ ವರದಿಗಾರರಿಗೆ ಸೂಚಿಸಬೇಕಾಗಿ ವಿನಂತಿ.

– ನಿವೃತ್ತ ಗಣಿತ ಶಿಕ್ಷಕ, ಉಡುಪಿ